ಹದಿನೈದನೆಯ ಕೋಲು

ನನ್ನ ಗಂಡ ಒಂದು ಇಡೀ ವರ್ಷ ಯುರೋಪಿನಲ್ಲಿ ಇನ್ನೊಬ್ಬನ ಚೀಲ ಹೊತ್ತರು. ಹೀಗೆ ನೇರವಾಗಿ ಹೇಳಿದರೆ ನನ್ನ ಅತ್ತೆಗೆ ಸಿಟ್ಟು ಬರುತ್ತದೆ. ಮದುವೆ ಮನೆಗಳಲ್ಲಿ ಯಾರಾದರೂ ವಿಚಾರಿಸಿದರೆ ಅವರು, ‘ಮಗ ಯುರೋಪಿನಲ್ಲಿ ಆಟದವರ ಒಟ್ಟಿಗೆ ಇದ್ದಾನೆ’ ಎಂದು ಹೇಳಿ ಊಟ ಆಯಿತಾ ಎಂದು ಕೇಳಿಬಿಡುತ್ತಿದ್ದರು. ಯಾವ ಆಟ, ಎಂತ ಕೆಲಸ ಎಂದು ಕೆದಕಿದವರಿಗೆ ಉತ್ತರ ಸಿಗುತ್ತಿರಲಿಲ್ಲ. ಕೆಲಸ ಮಾತ್ರ ಅದೇ. ಗಾಲ್ಫ್ ಆಡುವವನ ಚೀಲ ಹೊರುವುದು, ಅವನ ಕೋಲುಗಳನ್ನು ಒರೆಸಿ ಇಡುವುದು, ಇಲ್ಲಿಂದ ಕುಳಿಗೆ ಎಷ್ಟು ದೂರ, ಗಾಳಿ ಯಾವ ಕಡೆಯದು ಎಂದು ಹೇಳುವುದು. ಅದಕ್ಕೆ ಕ್ಯಾಡಿ ಎನ್ನುತ್ತಾರೆ. ಗೆದ್ದರೆ ಆಟಗಾರ ಗೆದ್ದ, ಸೋತರೆ ಇಬ್ಬರೂ ಸೋತ ಹಾಗೆ.

ನಮ್ಮ ಮನೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ, ಎರಡಕ್ಕೂ ನಡುವೆ. ನಾನು ಮೂಡುಬಿದಿರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಆಗ ಮದುವೆಯಾಗಿ ಒಂಬತ್ತು ವರ್ಷ. ಆ ಒಂಬತ್ತರಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿ ಎದ್ದ ಬೆಳಗುಗಳನ್ನು ಕೂಡಿಸಿದರೆ ಒಂದು ವರ್ಷ ತುಂಬಲಿಕ್ಕಿಲ್ಲ. ಇವರು ದುಬೈಯ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸಲು ಸೇರಿದವರು. ಆಮೇಲೆ ಅಲ್ಲಿಯೇ ಅತಿಥಿಗಳ ಚೀಲ ಹೊರಲು ತೊಡಗಿದರು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ನಾಲ್ಕು ನೆಂಟರ ಮನೆಗೆ ಹೋಗುವಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ಚಳಿಗಾಲದಲ್ಲಿ ಅಭ್ಯಾಸಕ್ಕೆಂದು ಆ ಮೈದಾನಕ್ಕೆ ಬಂದ ಒಬ್ಬ ಯುರೋಪಿನ ಆಟಗಾರನಿಗೆ ಇವರು ಹಿಡಿಸಿದರು. ಕಾರಣ ಇಷ್ಟೆ. ಕುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿನಲ್ಲಿ ಕಣ್ಣಿಗೆ ಕಾಣದ ಇಳಿಜಾರು ಇರುತ್ತದೆ. ಚೆಂಡು ಎಲ್ಲಿ ತಿರುಗೀತು ಎಂದು ದೊಡ್ಡ ದೊಡ್ಡವರು ಮಂಡಿಯೂರಿ ನೋಡುತ್ತಾರೆ. ಇವರು ನಿಂತಲ್ಲಿಂದಲೇ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ತೆಂಗಿನ ಬುಡಗಳಿಗೆ ಕಣಿ ತೋಡಿ ನೀರು ಬಿಟ್ಟು, ಹಾರೆ ಹಿಡಿದು ನೀರಿನ ಹಿಂದೆ ಓಡಿದವರು. ‘ಇಲ್ಲಿ ಒಂದು ಕೊಡ ನೀರು ಚೆಲ್ಲಿದ್ರೆ ಎಲ್ಲಿಗೆ ಹೋಗ್ತದೆ ಅಂತ ನೋಡ್ತೇನೆ, ಅಷ್ಟೇ’ ಎಂದು ನನಗೆ ಹೇಳಿದ್ದರು. ಆ ಆಟಗಾರ ಒಂದು ವರ್ಷಕ್ಕೆ ಬರುತ್ತೀಯಾ ಎಂದು ಕೇಳಿದ. ಇವರು ದುಬೈಯ ಕೆಲಸ ಬಿಟ್ಟು ಅವನ ಹಿಂದೆ ಹೋದರು. ನನ್ನನ್ನು ಕೇಳಿದ್ದರು, ಕೇಳಲಿಲ್ಲ ಎಂದು ಹೇಳಲಾರೆ. ನಾನು ‘ಹೋಗಿ’ ಎಂದಿದ್ದೆ. ಬೇರೆ ಏನು ಹೇಳಬಹುದಿತ್ತು ಎಂದು ಹೊಳೆದದ್ದು ಆಮೇಲೆ.

ಗಾಲ್ಫ್ ಆಡಿಯೇ ಬದುಕುವ ಗಂಡಸರ ಒಂದು ದೊಡ್ಡ ಗುಂಪು ಯುರೋಪಿನಲ್ಲಿ ವಾರಕ್ಕೊಂದು ಊರಿನಂತೆ ತಿರುಗುತ್ತದೆ. ನಮ್ಮಲ್ಲಿ ಯಕ್ಷಗಾನದ ಮೇಳಗಳು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನದವರೆಗೆ ತಿರುಗಾಟ ಮಾಡುವುದಿಲ್ಲವೇ, ಹಾಗೆಯೇ. ಸ್ಪೇನ್, ಇಟಲಿ, ಜರ್ಮನಿ, ಸ್ಕಾಟ್ಲೆಂಡ್, ಹೀಗೆ. ಗುರುವಾರ ಮತ್ತು ಶುಕ್ರವಾರ ಎಲ್ಲರೂ ಆಡುತ್ತಾರೆ. ಶುಕ್ರವಾರ ಆಟ ಮುಗಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜನರನ್ನು ಮನೆಗೆ ಕಳಿಸುತ್ತಾರೆ, ಉಳಿದವರಿಗೆ ಮಾತ್ರ ಶನಿವಾರ, ಭಾನುವಾರದ ಆಟ. ವರ್ಷದ ಕೊನೆಗೆ ಎಲ್ಲರನ್ನೂ ಒಂದು ಪಟ್ಟಿಯಲ್ಲಿ ಕೂರಿಸಿ ನಡುವೆ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಮೇಲಿದ್ದವರಿಗೆ ಮುಂದಿನ ವರ್ಷವೂ ಜಾಗ ಉಂಟು. ಕೆಳಗಿದ್ದವರು ತಮ್ಮ ದಾರಿ ನೋಡಿಕೊಳ್ಳಬೇಕು. ಕೆಳಗೆ ಬಿದ್ದರೆ ಆಟ ಬಿಟ್ಟು ಮಕ್ಕಳಿಗೆ ಕಲಿಸುತ್ತೇನೆ ಎಂದು ಆ ಆಟಗಾರ ಮೊದಲೇ ಹೇಳಿದ್ದ. ಅಂದರೆ ಅವನು ಗೆರೆಯ ಮೇಲಿದ್ದರೆ ನನ್ನ ಗಂಡ ಇನ್ನೊಂದು ವರ್ಷ ಅಲ್ಲಿ, ಕೆಳಗಿದ್ದರೆ ಮನೆಯಲ್ಲಿ.

ಅವನು ಸೋಲಬೇಕೆಂದು ನಾನು ಬಯಸಿದೆ. ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನನಗೆ ಅವನ ಮೇಲೆ ದ್ವೇಷವಿರಲಿಲ್ಲ. ಫೋಟೋದಲ್ಲಿ ನೋಡಿದ್ದೆ, ಬಿಸಿಲಿಗೆ ಸುಲಿದ ಕೆಂಪು ಮೂಗಿನ, ಸಾಧು ಮುಖದ ಮನುಷ್ಯ. ಅತ್ತೆ ಅವನಿಗೆ ‘ಕೆಂಪು ಮೂಗಿನವ’ ಎಂದೇ ಹೆಸರಿಟ್ಟಿದ್ದರು. ಗುರುವಾರ ಸಂಜೆ ದೇವರ ದೀಪ ಹಚ್ಚುವಾಗ ಅವನ ಲೆಕ್ಕದಲ್ಲಿ ಒಂದು ಬತ್ತಿ ಹೆಚ್ಚು ಹಾಕುತ್ತಿದ್ದರು. ಪಕ್ಕದಲ್ಲಿ ಕೈಮುಗಿದು ನಿಂತ ನಾನು ಅವನು ಶುಕ್ರವಾರವೇ ಮನೆಗೆ ಹೋಗಲಿ ಎಂದು ಬೇಡುತ್ತಿದ್ದೆ. ಒಂದೇ ಮನೆಯಿಂದ ಒಂದೇ ದೇವರಿಗೆ ಎರಡು ಅರ್ಜಿ.

ಗಾಲ್ಫಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇವರು ಫೋನಿನಲ್ಲಿ ಕಲಿಸಿದ್ದು. ಅದರಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಆಟಗಾರನ ಚೀಲದಲ್ಲಿ ಹದಿನಾಲ್ಕು ಕೋಲು ಇರಬಹುದು, ಒಂದೂ ಹೆಚ್ಚು ಇರಕೂಡದು. ಆಟ ಶುರುವಾದ ಮೇಲೆ ಹದಿನೈದು ಇದ್ದದ್ದು ಗೊತ್ತಾದರೆ ಒಂದೊಂದು ಕುಳಿಗೆ ಎರಡರಂತೆ ನಾಲ್ಕರವರೆಗೆ ದಂಡದ ಹೊಡೆತ ಸೇರಿಸುತ್ತಾರೆ. ಈ ಆಟದಲ್ಲಿ ಹೊಡೆತ ಕಡಿಮೆ ಇದ್ದಷ್ಟು ಒಳ್ಳೆಯದು, ನಾಲ್ಕು ಹೆಚ್ಚಾದರೆ ಅಂದಿನ ಕಥೆ ಮುಗಿದ ಹಾಗೆ. ಕೋಲು ಎಣಿಸುವುದು ಕ್ಯಾಡಿಯ ಕೆಲಸ. ‘ಎಷ್ಟು ದೂರ ಅಂತ ತಪ್ಪಿ ಹೇಳಿದ್ರೆ ಕ್ಷಮಿಸ್ತಾರೆ, ಎಣಿಸ್ಲಿಕ್ಕೆ ತಪ್ಪಿದ್ರೆ ತಲೆ ಎತ್ತುವ ಹಾಗಿಲ್ಲ’ ಎಂದು ಇವರು ಹೇಳಿದ್ದರು. ದಿನವೂ ಬೆಳಿಗ್ಗೆ ಆಟಗಾರನ ಎದುರು ಒನ್, ಟೂ ಎಂದು ಕೋಲು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು.

ಎಣಿಸುವ ವಿಷಯದಲ್ಲಿ ನಮ್ಮ ಮನೆಗೆ ಬೇರೆಯೇ ಕ್ರಮ ಉಂಟು. ಮನೆಯ ಸುತ್ತ ಹದಿನೆಂಟು ತೆಂಗಿನ ಮರಗಳಿವೆ. ಸುಮಾರು ನಲವತ್ತೈದು ದಿನಕ್ಕೊಮ್ಮೆ ಕಾಯಿ ತೆಗೆಸುತ್ತೇವೆ. ಅಂಗಳದಲ್ಲಿ ರಾಶಿ ಬಿದ್ದ ಮೇಲೆ ಅತ್ತೆ ಮಣೆ ಹಾಕಿ ಕುಳಿತು ಎಣಿಸುತ್ತಾರೆ. ಮೊದಲ ಕಾಯಿಯನ್ನು ಎತ್ತಿ ‘ದೇವೆರೆಗ್’, ಎಂದರೆ ದೇವರಿಗೆ, ಎಂದು ಬದಿಗಿಡುತ್ತಾರೆ. ಅದು ಲೆಕ್ಕಕ್ಕಿಲ್ಲ. ಎರಡನೆಯ ಕಾಯಿಗೆ ‘ಒಂಜಿ’, ಮೂರನೆಯದಕ್ಕೆ ‘ರಡ್ಡ್’. ನಮ್ಮ ಮನೆಮಾತು ತುಳು, ಎಣಿಕೆಯೂ ತುಳುವಿನಲ್ಲೇ. ಮಾವ ಹಾಗೆ ಎಣಿಸುತ್ತಿದ್ದರಂತೆ, ಅವರ ತಾಯಿಯೂ ಹಾಗೆಯೇ. ಕಾಯಿ ಮಾತ್ರ ಅಲ್ಲ, ಹಲಸಿನಹಣ್ಣು, ವೀಳ್ಯದೆಲೆ, ಹಪ್ಪಳ, ಏನು ಎಣಿಸಿದರೂ ಮೊದಲನೆಯದು ದೇವರದ್ದು. ಮದುವೆಯಾದ ಹೊಸತರಲ್ಲಿ ಹಪ್ಪಳ ಎಣಿಸಿ ಡಬ್ಬಿಗೆ ಹಾಕುವಾಗ ನಾನು ಒಂದರಿಂದ ಶುರು ಮಾಡಿದ್ದಕ್ಕೆ ಅತ್ತೆ, ‘ನಿಮ್ಮಲ್ಲಿ ದೇವರಿಗೆ ಎಂತದೂ ಇಲ್ವಾ ಮಗಾ?’ ಎಂದು ಕೇಳಿದ್ದರು. ಅವರಿಗೆ ಅದು ತಮಾಷೆ, ನನಗೆ ಆ ದಿನ ಊಟ ಸೇರಲಿಲ್ಲ.

ಜನವರಿಯಿಂದ ವಾರಗಳು ಗುರುವಾರದಿಂದ ಗುರುವಾರಕ್ಕೆ ಸಾಗಿದವು. ಶುಕ್ರವಾರ ಸಂಜೆ ನಾನು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಐದೂಕಾಲರ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಆಗ ಮಧ್ಯಾಹ್ನ. ಇವರು ಬೆಳಗಿನ ಗುಂಪಿನಲ್ಲಿದ್ದರೆ ಬಸ್ಸು ಸಿದ್ಧಕಟ್ಟೆ ಮುಟ್ಟುವ ಮೊದಲೇ ಆಟ ಮುಗಿದಿರುತ್ತಿತ್ತು. ಕಾಲೇಜು ಹುಡುಗಿಯರ ಚೀಲಗಳ ನಡುವೆ ನಿಂತು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಅಂಕಗಳ ಪಟ್ಟಿಯನ್ನು ಕೆಳಗೆ ಕೆಳಗೆ ಜಾರಿಸುತ್ತಿದ್ದೆ. ಕೆಂಪು ಮೂಗಿನವನ ಹೆಸರು ಬೇಗ ಸಿಗದಷ್ಟು ಕೆಳಗಿದ್ದರೆ ನನ್ನ ಮುಖ ಅರಳುತ್ತಿತ್ತು. ಒಮ್ಮೆ ಪರಿಚಯದ ಕಂಡಕ್ಟರ್, ‘ಎಂತ ಮೇಡಂ, ಲಾಟರಿ ಹೊಡೀತಾ?’ ಎಂದು ಕೇಳಿದ. ಇಲ್ಲ ಎಂದೆ.

ಮನೆಗೆ ಬಂದರೆ ಅತ್ತೆ ಜಗಲಿಯಲ್ಲೇ ಕಾದಿರುತ್ತಿದ್ದರು.

‘ಎಂತಾಯ್ತು? ಕೆಂಪು ಮೂಗಿನವ ಪಾಸಾ?’

‘ಇಲ್ಲ ಅತ್ತೆ. ಈ ವಾರವೂ ಇಲ್ಲ.’

‘ಛೆ, ಪಾಪ. ನಮ್ಮವನಿಗೆ ಎಷ್ಟು ಬೇಜಾರಾಯ್ತೋ ಏನೋ.’

ನಾನು ಚಹಾ ಇಡುವ ನೆವದಲ್ಲಿ ಒಳಗೆ ಹೋಗುತ್ತಿದ್ದೆ. ಅಂಥ ಶನಿವಾರಗಳಲ್ಲಿ ಇವರಿಗೆ ಕೆಲಸವಿಲ್ಲ. ಹಾಲೆಂಡಿನಲ್ಲಿ ಹೀಗೆ ಸೋತ ಮರುದಿನ ಬೆಳಿಗ್ಗೆ ಎರಡು ಗಂಟೆ ಮಾತಾಡಿದರು. ಕಾಲುವೆಯ ಬದಿಯಲ್ಲಿ ನಡೆಯುತ್ತಾ, ಅಲ್ಲಿಯ ಬಾತುಕೋಳಿ, ಅಲ್ಲಿಯ ಮಳೆ, ಅಂಗಡಿಯಲ್ಲಿ ಕಂಡ ಒಂದು ಹಲಸಿನಕಾಯಿ, ಎಲ್ಲ ತೋರಿಸಿದರು. ನಾನು ಮೀನು ಕೊಯ್ಯುತ್ತಾ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಕೇಳಿದೆ. ಆ ವರ್ಷದ ನನ್ನ ಅತಿ ಸಂತೋಷದ ದಿನ ಅದು. ಅದು ಇವರ ಕೆಟ್ಟ ದಿನವಾಗಿತ್ತು ಎಂಬುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ.

ಜುಲೈಯಲ್ಲಿ ಜರ್ಮನಿಯ ಒಂದು ಪಂದ್ಯದಲ್ಲಿ ಕೆಂಪು ಮೂಗಿನವ ಯಾಕೋ ಚೆನ್ನಾಗಿ ಆಡಿಬಿಟ್ಟ. ಭಾನುವಾರ ಟಿವಿಯಲ್ಲಿ ತೋರಿಸುವಷ್ಟು ಮೇಲೆ ಬಂದಿದ್ದ. ಅತ್ತೆ ನೆರೆಮನೆಯವರನ್ನೂ ಕರೆದಿದ್ದರು. ಹೊರಗೆ ಜಡಿಮಳೆ, ಡಿಶ್ಶಿನ ಚಿತ್ರ ಒಮ್ಮೆ ಬಂದು ಒಮ್ಮೆ ನಿಲ್ಲುತ್ತಿತ್ತು. ಹೀಗೇ ಬಂದ ಒಂದು ಗಳಿಗೆಯಲ್ಲಿ ಇವರು ಕಂಡರು. ಕುಳಿಯಲ್ಲಿ ನೆಟ್ಟ ಬಾವುಟದ ಕೋಲನ್ನು ಕಿತ್ತು, ಯಾರ ಚೆಂಡಿನ ದಾರಿಯನ್ನೂ ತುಳಿಯದೆ, ತಮ್ಮ ನೆರಳೂ ಬೀಳದ ಹಾಗೆ ಬದಿಗೆ ಸರಿದು ನಿಂತರು. ಆಟಗಾರ ಏನೋ ಕೇಳಿದ. ಇವರು ಬೆರಳು ಚಾಚಿ ಹುಲ್ಲಿನ ಮೇಲೆ ಒಂದು ಜಾಗ ತೋರಿಸಿದರು. ಅವನು ಅಲ್ಲಿಗೇ ತಳ್ಳಿದ, ಚೆಂಡು ಅಲ್ಲಿಂದ ನಿಧಾನವಾಗಿ ತಿರುಗಿ ಕುಳಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಇವರು ಸಣ್ಣಗೆ ನಕ್ಕರು.

ಅತ್ತೆ ಎದ್ದು ಹೋಗಿ ಟಿವಿಯ ಗಾಜು ಮುಟ್ಟಿದರು. ನನಗೂ ಹೆಮ್ಮೆಯಾಯಿತು, ಅದರ ಬೆನ್ನಿಗೇ ಹೆದರಿಕೆಯಾಯಿತು. ಒಂಬತ್ತು ವರ್ಷದಲ್ಲಿ ಇವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ದುಬೈಯಿಂದ ಬಂದಾಗ ಇವರು ನಮ್ಮ ಅಂಗಳದಲ್ಲಿ ನಿಲ್ಲುತ್ತಿದ್ದುದು ಎಲ್ಲಿ ನಿಲ್ಲಬೇಕೆಂದು ತಿಳಿಯದ ನೆಂಟನ ಹಾಗೆ. ಅಲ್ಲಿ ಮಾತ್ರ ಎಲ್ಲಿ ನಿಲ್ಲಬೇಕೆಂಬುದು ಇವರಿಗೆ ಸರಿಯಾಗಿ ಗೊತ್ತಿತ್ತು. ಅಂದರೆ ಇವರಿಗೆ ಅಲ್ಲಿ ಸುಖ ಉಂಟು, ಮತ್ತು ಅದು ನನಗೆ ಗೊತ್ತುಂಟು. ಮುಂದೆ ನಾನು ಮಾಡಿದ್ದನ್ನು ಇದು ತಿಳಿಯದೆ ಮಾಡಿದೆ ಎಂದು ಹೇಳುವ ಹಾಗಿರಲಿಲ್ಲ.

ಆ ಒಂದು ವಾರದಿಂದಾಗಿ ಕೆಂಪು ಮೂಗಿನವ ಪಟ್ಟಿಯಲ್ಲಿ ಗೆರೆಯ ಹತ್ತಿರಕ್ಕೆ ಬಂದ. ಆಮೇಲೆ ಒಂದು ವಾರ ಗೆರೆಯ ಮೇಲೆ, ಒಂದು ವಾರ ಕೆಳಗೆ. ನವರಾತ್ರಿ ಕಳೆಯಿತು. ಅಕ್ಟೋಬರಿನಲ್ಲಿ ಅವನ ಪಾಲಿನ ಕೊನೆಯ ಪಂದ್ಯ ಸ್ಪೇನಿನಲ್ಲಿ. ಶನಿವಾರದ ಆಟ ಮುಗಿದಾಗ ಲೆಕ್ಕ ಹೀಗಿತ್ತು: ಭಾನುವಾರ ಅವನು ಸಾಧಾರಣವಾಗಿ ಆಡಿದರೂ ಸಾಕು, ಗೆರೆಯ ಮೇಲೆ ಉಳಿಯುತ್ತಾನೆ. ತೀರಾ ಹಾಳು ಮಾಡಿಕೊಳ್ಳಬಾರದು, ಅಷ್ಟೆ. ಇವರು ಸಂಜೆ ಫೋನಿನಲ್ಲಿ, ‘ಇನ್ನೊಂದು ವರ್ಷ ಉಂಟು ಅಂತ ಕಾಣ್ತದೆ ಮಾರಾಯ್ತಿ’ ಎಂದರು. ಒಳ್ಳೆಯದಾಯಿತು ಎಂದೆ. ಆ ಮಾತು ಬಾಯಿಂದ ಹೊರಡಿಸಲು ಪಟ್ಟ ಪಾಡು ನನಗೆ ಗೊತ್ತು.

ಆ ಭಾನುವಾರ ನಮ್ಮಲ್ಲಿ ತೆಂಗಿನಕಾಯಿ ತೆಗೆಸುವ ದಿನ. ಮರ ಹತ್ತುವವರು ಬೆಳಿಗ್ಗೆಯೇ ಬಂದು ಕಾಯಿ ಇಳಿಸಿ ಹೋಗಿದ್ದರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅತ್ತೆ ಅಂಗಳದಲ್ಲಿ ಎಣಿಸುತ್ತಿದ್ದರು, ನಾನು ಎಣಿಸಿದ್ದನ್ನು ಕೊಟ್ಟಿಗೆಯ ಗೋಡೆಗೆ ಪೇರಿಸುತ್ತಿದ್ದೆ. ಆಗ ಇವರ ಫೋನ್ ಬಂತು. ಅಲ್ಲಿ ಬೆಳಗಿನ ಎಂಟೂವರೆ. ಆಟಕ್ಕೆ ಇಳಿಯುವ ಮೊದಲು ಒಂದು ನಿಮಿಷ ಮಾತಾಡುವುದು ಇವರ ರೂಢಿ. ನಾನು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮಾಡಿ ತುಳಸಿಕಟ್ಟೆಯ ಮೇಲಿಟ್ಟೆ.

‘ಎಂತ ಮಾಡ್ತಾ ಇದ್ದೀರಿ ಅಮ್ಮ?’

‘ಕಾಯಿ ಎಣಿಸ್ತಾ ಇದ್ದೇನೆ ಮಗಾ. ನೀನು?’

‘ನಾನೂ ಎಣಿಸ್ಲಿಕ್ಕೆ ಹೊರಟದ್ದು. ಇನ್ನು ಹತ್ತು ನಿಮಿಷ ಉಂಟು. ಅವ ಬೆಳಗ್ಗೆಯಿಂದ ಹಳೇದೊಂದು ಹೊಸತೊಂದು ಎರಡು ಪಟರ್ ಹಿಡಿದು ಯಾವುದು ಒಳ್ಳೇದು ಅಂತ ನೋಡ್ತಾ ಇದ್ದಾನೆ. ಈಗ ಕೈ ತೊಳೀಲಿಕ್ಕೆ ಹೋಗಿದ್ದಾನೆ.’

ಪಟರ್ ಎಂದರೆ ಕುಳಿಯ ಹತ್ತಿರ ಚೆಂಡನ್ನು ಮೆಲ್ಲ ತಳ್ಳುವ ಕೋಲು. ಚೀಲದಲ್ಲಿ ಅದು ಒಂದೇ ಇರುವುದು. ಅತ್ತೆಗೆ ಅದೆಲ್ಲ ಬೇಡ.

‘ನಿನ್ನ ಕೋಲು ಹೇಗೆ ಎಣಿಸುವುದು? ನಮ್ಮ ಹಾಗೆಯಾ?’ ಎಂದು ನಗೆಯಾಡಿದರು.

‘ಕೇಳಿ ಹಾಗಾದ್ರೆ’ ಎಂದರು ಇವರು. ಕೋಲಿಗೆ ಕೋಲು ತಾಗುವ ಸದ್ದು ಕೇಳಿಸಿತು. ‘ದೇವೆರೆಗ್’ ಎಂದರು. ಟಣ್ ಎಂದಿತು. ‘ಒಂಜಿ.’ ಟಣ್. ‘ರಡ್ಡ್.’ ಟಣ್. ಅತ್ತೆ ಮಗುವಿನ ಹಾಡು ಕೇಳಿದವರಂತೆ ತಲೆ ತೂಗುತ್ತಿದ್ದರು. ಕೊನೆಗೆ ‘ಪದ್ನಾಲ್’ ಎಂದರು, ಎಂದರೆ ಹದಿನಾಲ್ಕು. ‘ಆಯ್ತು, ಸರಿ ಉಂಟು. ಅವ ಬಂದ. ಇಡ್ತೇನೆ.’

ಫೋನ್ ನಿಂತಿತು. ಅತ್ತೆ ಮತ್ತೆ ಕಾಯಿಗೆ ಕೈ ಹಾಕಿದರು. ನಾನು ಎರಡು ಕೈಯಲ್ಲೂ ಕಾಯಿ ಹಿಡಿದು ನಿಂತಲ್ಲೇ ನಿಂತಿದ್ದೆ. ದೇವರದ್ದು ಸೇರಿ ಹದಿನೈದು.

ಕಾಯಿ ಕೆಳಗಿಟ್ಟು ಫೋನ್ ಎತ್ತಿಕೊಂಡೆ. ಸಮಯ ನೋಡಿದೆ, ಇನ್ನೂ ಏಳೆಂಟು ನಿಮಿಷ ಇತ್ತು. ಇವರ ಹೆಸರು ಪರದೆಯ ಮೇಲೆಯೇ ಇತ್ತು, ಬೆರಳು ಒತ್ತಿದರೆ ಸಾಕು. ‘ದೇವರದ್ದು ಸೇರಿ ಹದಿನೈದು’ ಎಂಬ ಮೂರೇ ಮಾತು. ಬಹುಶಃ ಬಾಯಲ್ಲಿ ಮಾತ್ರ ದೇವರಿಗೆ ಎಂದದ್ದು, ಕೋಲು ಮುಟ್ಟಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸದ್ದು ಕೇಳಿದ್ದೆನಲ್ಲ. ಆಟಗಾರ ನೋಡಿಕೊಳ್ಳುತ್ತಾನೆ ಎಂದುಕೊಂಡೆ. ಅವನು ನೋಡುವುದಿಲ್ಲ, ಅದು ಇವರ ಕೆಲಸ ಎಂದು ಇವರೇ ಕಲಿಸಿದ್ದರಲ್ಲ. ಹೀಗೆ ಒಂದೊಂದಾಗಿ ಸುಳ್ಳು ಹೇಳಿಕೊಳ್ಳುತ್ತಾ ನಿಂತೆ. ಆಮೇಲೆ ಫೋನನ್ನು ಒಳಗೆ ಕಿಟಕಿಯ ದಂಡೆಯಲ್ಲಿಟ್ಟು ಬಂದು, ಉಳಿದ ಕಾಯಿಗಳನ್ನು ಪೇರಿಸಿದೆ. ಒಂದೂ ಉರುಳದ ಹಾಗೆ, ಬಹಳ ಚೆಂದಕ್ಕೆ ಪೇರಿಸಿದೆ.

ಊಟದ ಹೊತ್ತಿಗೆ ಪಟ್ಟಿ ನೋಡಿದಾಗ ಮೊದಲ ಎರಡು ಕುಳಿಗಳ ಅಂಕಿ ಬದಲಾಗಿತ್ತು. ಒಂದಕ್ಕೆ ಎರಡು, ಇನ್ನೊಂದಕ್ಕೆ ಎರಡು, ಒಟ್ಟು ನಾಲ್ಕು ಹೊಡೆತ ಹೆಚ್ಚು. ಮೂರನೆಯ ಕುಳಿಯ ಆಟ ಶುರು ಮಾಡುವಲ್ಲಿ, ಚೀಲದ ಮೂಲೆಯಲ್ಲಿ ತಲೆಗೆ ಬಟ್ಟೆಯ ಟೊಪ್ಪಿ ಹಾಕಿಕೊಂಡು ಕುಳಿತಿದ್ದ ಹಳೆಯ ಪಟರ್ ಆಟಗಾರನ ಕಣ್ಣಿಗೇ ಬಿದ್ದಿತ್ತಂತೆ. ಮತ್ತೆ ಅವನು ಹೇಗೋ ಒದ್ದಾಡಿ ಆಡಿದ. ಸಂಜೆ ಕೊನೆಯ ಪಟ್ಟಿ ಬಂದಾಗ ಗೆರೆಯ ಕೆಳಗಿದ್ದ. ಎರಡು ಹೊಡೆತ ಕಡಿಮೆ ಇದ್ದಿದ್ದರೆ ಮೇಲಿರುತ್ತಿದ್ದ.

ನನಗೆ ಸಂತೋಷವಾಯಿತು. ಇದನ್ನು ಬರೆಯುವುದು ಕಷ್ಟ, ಆದರೆ ಮೊದಲು ಆದದ್ದು ಅದೇ. ಇವರು ಮನೆಗೆ ಬರುತ್ತಾರೆ ಎಂದು ಎದೆ ಹಗುರಾಯಿತು. ನಾಚಿಕೆ ಬಂದದ್ದು ಏಳು ಗಂಟೆಗೆ, ಇವರ ಫೋನ್ ಬಂದ ಮೇಲೆ.

‘ಹದಿನೈದು ಇತ್ತು ಮಾರಾಯ್ತಿ’ ಎಂದರು. ‘ನಾನೇ ಎಣಿಸಿದ್ದು. ಇಡೀ ವರ್ಷ ಒಂದು ದಿನ ತಪ್ಪಿದವ ಅಲ್ಲ. ಇವತ್ತು ಬಾಯಿಗೆ ಬಂದ ಹಾಗೆ ದೇವರಿಗೆ ಅಂತ ಒಂದು ಬಿಟ್ಟೆ. ಹದಿನಾಲ್ಕು ಅಂತ ಬಂತಲ್ಲ, ಮತ್ತೆ ತಲೆ ಓಡ್ಲೇ ಇಲ್ಲ.’ ನಗುತ್ತಾ ಹೇಳಲು ಹೊರಟವರು ಅಳತೊಡಗಿದರು. ಇವರು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ಹೌದಾ’ ಎಂದೆ.

ಆ ಒಂದು ಮಾತನ್ನು ಅಷ್ಟು ಸಹಜವಾಗಿ ಹೇಗೆ ಹೇಳಿದೆನೋ ತಿಳಿಯದು. ಹಿಂದೆ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಅವರು ದೇವರ ಕೋಣೆಗೆ ಹೋಗಿ, ಅಂದು ಬದಿಗಿಟ್ಟಿದ್ದ ತೆಂಗಿನಕಾಯಿಯ ಎದುರು ಬಹಳ ಹೊತ್ತು ಕುಳಿತರು.

ನವೆಂಬರಿನಲ್ಲಿ ಇವರು ಬಂದರು. ಸಾಮಾನಿನೊಂದಿಗೆ ಉದ್ದದ ಒಂದು ಕಟ್ಟು ಇತ್ತು. ಆ ಹಳೆಯ ಪಟರ್. ಆಟಗಾರ ಒಂದು ಬೈಗುಳವನ್ನೂ ಆಡದೆ, ಹೊರಡುವಾಗ ಅದನ್ನೇ ಕೈಗೆ ಕೊಟ್ಟು ಬೆನ್ನು ತಟ್ಟಿದನಂತೆ. ಬೈದಿದ್ದರೆ ಒಳ್ಳೆಯದಿತ್ತು ಎಂದರು ಇವರು. ಅದು ಈಗಲೂ ನಮ್ಮ ಜಗಲಿಯ ಮೂಲೆಯಲ್ಲಿ ಕೊಡೆಗಳ ಜೊತೆ ನಿಂತಿದೆ. ಅತ್ತೆ ಗುಡಿಸುವಾಗ ಅದಕ್ಕೆ ಪೊರಕೆ ತಾಗದ ಹಾಗೆ ನೋಡಿಕೊಳ್ಳುತ್ತಾರೆ.

ಕಾಲೇಜಿನವರು ಮೈದಾನದ ಹುಲ್ಲು ನೋಡಿಕೊಳ್ಳಲು ಜನ ಹುಡುಕುತ್ತಿದ್ದರು. ಹುಲ್ಲಿನ ಕೆಲಸ ಇವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಲೈಬ್ರರಿಯ ಕಿಟಕಿಯಿಂದ ನೋಡಿದರೆ ಮೈದಾನದ ಒಂದು ಮೂಲೆ ಕಾಣುತ್ತದೆ, ಕೆಲವೊಮ್ಮೆ ಅಲ್ಲಿ ಇವರೂ ಕಾಣುತ್ತಾರೆ. ನಾನು ಬೇಡಿಕೊಂಡದ್ದೆಲ್ಲ ಸಿಕ್ಕಿತು, ಒಂದು ಚೂರೂ ಕಡಿಮೆಯಾಗದೆ. ಜರ್ಮನಿಯಲ್ಲಿ ಕಂಡ ಆ ನಗು ಮಾತ್ರ ಇಲ್ಲಿಯವರೆಗೆ ಬರಲಿಲ್ಲ. ಇವರು ಯಾರನ್ನೂ ದೂರಲಿಲ್ಲ, ಕೇಳಿದವರಿಗೆಲ್ಲ ‘ಎಣಿಸ್ಲಿಕ್ಕೆ ತಪ್ಪಿತು’ ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಇದ್ದು ಸುಮ್ಮನಿರುತ್ತಿದ್ದೆ. ದಿನ ಕಳೆದಂತೆ ಸುಮ್ಮನಿರುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಕಾಯಿ ತೆಗೆಸಿದೆವು. ಅಂದೂ ಭಾನುವಾರ. ಅತ್ತೆ ಎಂದಿನಂತೆ ಮಣೆ ಹಾಕಿ ಕುಳಿತರು, ಇವರು ರಾಶಿಯ ಬದಿಯಲ್ಲಿ ಕಾಯಿ ಎತ್ತಿ ಕೊಡಲು ಕುಕ್ಕರಗಾಲಲ್ಲಿ ಕುಳಿತರು, ನಾನು ಪೇರಿಸಲು ನಿಂತೆ. ಇವರು ಮೊದಲ ಕಾಯಿ ಕೊಟ್ಟರು. ಅತ್ತೆ ಅದನ್ನು ತಿರುಗಿಸಿ ನೋಡಿ, ನನ್ನ ಕಡೆ ಚಾಚಿ, ‘ಒಂಜಿ’ ಎಂದರು.

ನಾನು ಕೈ ಚಾಚಲಿಲ್ಲ. ಇವರೇ, ‘ಎಂತ ಅಮ್ಮ, ದೇವರಿಗೆ?’ ಎಂದು ಕೇಳಿದರು.

‘ಬೇಡ ಮಗಾ. ಇನ್ನು ಹಾಗೆ ಎಣಿಸುವುದು ಬೇಡ. ನಿನಗೆ ಅದನ್ನು ಕಲಿಸಿದ್ದು ನಾನು. ನಿನ್ನ ಕೆಲಸ ಹೋದದ್ದು ನನ್ನಿಂದ. ಅವತ್ತು ಫೋನಿನಲ್ಲಿ ತಮಾಷೆ ಮಾಡಿದ್ದೂ ನಾನೇ ಅಲ್ವಾ?’

ಎಪ್ಪತ್ತು ದಾಟಿದ ಹೆಂಗಸು. ಜನ್ಮವಿಡೀ ಎಣಿಸಿಕೊಂಡು ಬಂದ ಕ್ರಮವನ್ನು, ಮಾಡದ ತಪ್ಪಿಗೆ, ನನ್ನ ಎದುರೇ ಬಿಡುತ್ತಿದ್ದರು.

‘ಎಂತ ಮಾತು ಅಮ್ಮ ಇದು! ದೇವರದ್ದೆಂತ ತಪ್ಪು, ನಿಮ್ಮದೆಂತ ತಪ್ಪು? ಆಚೆ ಸರಿಯಿರಿ, ನಾನೇ ಎಣಿಸ್ತೇನೆ.’ ಇವರು ಆ ಕಾಯಿಯನ್ನು ತಾಯಿಯ ಕೈಯಿಂದ ತೆಗೆದುಕೊಂಡು ಬದಿಗಿಟ್ಟು, ಗಟ್ಟಿಯಾಗಿ ‘ದೇವೆರೆಗ್’ ಎಂದರು. ಮತ್ತೆ ‘ಒಂಜಿ, ರಡ್ಡ್, ಮೂಜಿ’ ಎಂದು ಒಂದೊಂದೇ ನನಗೆ ಕೊಡುತ್ತಾ ಹೋದರು. ನಾನು ಒಂದೊಂದೇ ಪೇರಿಸಿದೆ. ‘ಪದ್ನಾಲ್’ ಎಂದರು. ಅಲ್ಲಿ ಇವರ ಕೈ ತಾನಾಗಿಯೇ ನಿಂತಿತು. ಇವರೂ ರಾಶಿ ನೋಡುತ್ತಿದ್ದರು, ಅತ್ತೆಯೂ ರಾಶಿ ನೋಡುತ್ತಿದ್ದರು.

‘ದೇವರದ್ದು ಸೇರಿ ಹದಿನೈದು’ ಎಂದೆ ನಾನು. ‘ಅವತ್ತೂ ನಾನು ಎಣಿಸಿದ್ದೆ. ಗೊತ್ತಾಗಿತ್ತು. ಫೋನ್ ಕೈಯಲ್ಲೇ ಇತ್ತು, ಮಾಡ್ಲಿಲ್ಲ. ಅತ್ತೆ ಅಲ್ಲ.’

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಇವರು ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ದೂರ ಎಷ್ಟು ಎಂದು ಅಂದಾಜು ಮಾಡುವವರ ನೋಟ ಅದು.

‘ಎಷ್ಟು ಹೊತ್ತಿತ್ತು?’

‘ಏಳೆಂಟು ನಿಮಿಷ.’

ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

‘ಸಾಕಿತ್ತು’ ಎಂದರು.

ಆಮೇಲೆ ಬಗ್ಗಿ ಮುಂದಿನ ಕಾಯಿ ಎತ್ತಿದರು. ‘ಪದಿನೈನ್’ ಎಂದು ಹೇಳಿ, ಅದನ್ನು ನನ್ನ ಕೈಗೆ ಕೊಡದೆ, ತಾವೇ ಎದ್ದು ಹೋಗಿ ಗೋಡೆಯ ಬದಿಯಲ್ಲಿ ಇಟ್ಟು ಬಂದರು.